ಒಂದೇ ಕಡೆ ಎರಡು ಕಿವಿ

ಫ್ರೇಮ್ ಬಿಚ್ಚಿದರ ಮೊದಲು ಮೊಳಿ ಬರ್ತಾವ,
ಆಮ್ಯಾಲ ರಟ್ಟು,
ರಟ್ಟಿನ ಮುಂದ ಯಾರೋ ಸಾಹೇಬರು.
ಹೋದ ವರ್ಷ ಒಂದು ಕಚೇರಿ ಫ್ರೇಮಿನೊಳಗ
ಐದು ಮಂದಿ ಸಿಕ್ಕಿದ್ರು, ಒಬ್ಬರ ಬೆನ್ನಿಗೊಬ್ಬರು.
ಈಗಿನವರು ಅಲುಗಾಡಬಾರದಂತ
ಹಿಂದಿನವರನ್ನ ಹಿಂದ ತುರುಕಿದ್ರು.
ಗಾಜು ಒಂದೇ. ಮೊಳಿ ಅವೇ.
ಸುರಪುರದ ಈ ಅಂಗಡ್ಯಾಗ ಮೂವತ್ತೊಂದು ವರ್ಷ
ನಾ ಗಾಜು ಒರಸೀನಿ.

ಗುಂಡೇರಾಯರು ತಂದದ್ದು ಬ್ಯಾರೇದು.
ಮೊಳದುದ್ದದ ಕಾಗದ, ಹಳೇ ಧೋತರದಾಗ ಸುತ್ತಿ,
ಎರಡೂ ಕೈಲಿ, ಕೂಸಿನಂಗ.
"ಲಾಡ್ಲೇಸಾಬ, ಜ್ವಾಕಿ.
ನಮ್ಮ ಹಿರ್ಯಾರು, ದಿವಾನ ಲಿಂಗರಸಯ್ಯ.
ಇನ್ನೂರೈವತ್ತು ವರ್ಷದ ಮಾತು,
ನಾಯಕರ ಬಲಕ್ಕ ಕುಂತವರು."

ಕುಂತಾರ, ಖರೇ.
ಹಸಿರು ಜಮಖಾನಿ ಮ್ಯಾಲ, ಬಿಳಿ ಜಾಮಾ,
ಅಂಚಿನ ಬಂಗಾರದ ರೇಕು ಇನ್ನೂ ಮಾಸಿಲ್ಲ.
ನಡುವಿಗೆ ಕಠಾರಿ.
ಮೂಗಿನ ಮುಂದ ಹಿಡಿದ ಒಂದು ಹೂವು,
ಮೂಸಾಕೂ ಅಲ್ಲ, ಕೊಡಾಕೂ ಅಲ್ಲ.
ಕೊಳ್ಳಾಗ ಮೂರೆಳಿ ಮುತ್ತು;
ಒಂದೊಂದೂ ಉಬ್ಬಿದ ಸುಣ್ಣದ ಚುಕ್ಕಿ,
ಬೆರಳಿಗೆ ಸಾಸಿವಿ ತಾಕಿದಂಗ ತಾಕ್ತದ.
ಮುಖ ಮಾತ್ರ ಒಂದೇ ಮಗ್ಗಲು.
ಆ ಕಾಲದ ದೊಡ್ಡವರು ಹಿಂಗೇ,
ಒಂದೇ ಕಣ್ಣು ತೋರಸ್ತಾರ.
ಇನ್ನೊಂದು, ಕಾಗದದ ಆ ಕಡೆ,
ಯಾರನ್ನ ನೋಡ್ತಿತ್ತೋ.

ರಾತ್ರಿ ಶಟರ್ ಅರ್ಧ ಇಳಿಸಿ
ಬಲ್ಬಿಗೆ ಎತ್ತಿ ಹಿಡಿದಾಗ ಕಂಡದ್ದು:
ಕಿವಿ ಎರಡು.
ಈ ಕಡೆ ಒಂದು ಆ ಕಡೆ ಒಂದು ಅಲ್ಲ,
ಒಂದೇ ಕಡೆ ಎರಡು.
ಮುತ್ತಿನ ಒಂಟಿ ಹಾಕಿದ್ದು ದಿವಾನರದು.
ಅದರ ಹಿಂದ, ಪಟಗದ ಅಂಚಿನ ಕೆಳಗ,
ಬಣ್ಣ ತೆಳ್ಳಗಾದಲ್ಲಿ, ಹೊಗಿಯಂಥ ಇನ್ನೊಂದು,
ಬೋಳು ಕಿವಿ, ಸ್ವಲ್ಪ ದೊಡ್ಡದು.
ಗದ್ದದ ಕೆಳಗೂ ಕೆರೆದ ಗುರುತು;
ದಪ್ಪನ ಗದ್ದ ಇತ್ತು ಅಲ್ಲಿ.
ಎಷ್ಟು ಸಣ್ಣಗ ಕೆರೆದಾನ ಚಿತ್ರಗಾರ!
ಕಾಗದ ಹರೀಬಾರದು,
ಮನಶ್ಯಾ ಹೋಗಬೇಕು.

ತಿರುವಿ ನೋಡಿದೆ.
ಮೂಲ್ಯಾಗ, ಗೆದ್ದಲು ಬಿಟ್ಟುಕೊಟ್ಟಷ್ಟು ಜಾಗದಾಗ,
ಗಿಜಿಗಿಜಿ ಅಕ್ಷರ. ಓದಾಕ ಒಂದು ತಾಸು ಹಿಡೀತು.
"ಮುಖ ಹೊಸತು, ಹಣ ೨.
ಮೈ ಮುತ್ತು ಜಮಖಾನೆ ಹಿಂದಿನವರವೇ, ಕೂಲಿ ಇಲ್ಲ.
ಹಿಂದಿನವರ ಬಾಕಿ ಹಣ ೪.
ಯಾರನ್ನು ಕೇಳುವುದು."

ನಗು ಬಂತು.
ಆಮ್ಯಾಲ ಬರಲಿಲ್ಲ.
ಆ ಕಿವಿಯವ ಏನಾದ?
ಕ್ವಾಟಿ ಗ್ವಾಡಿ ಮ್ಯಾಲಿಂದ ಉರುಳಿದನೋ,
ಪೇಶ್ವೆ ದಂಡಿನ ಕೂಡ ಓಡಿದನೋ,
ಬರೇ ಜ್ವರ ಬಂದು ಸತ್ತನೋ?
ಅವನ ಹೊಟ್ಟಿ ಮಾತ್ರ ಇಲ್ಲೇ ಅದ,
ಲಿಂಗರಸಯ್ಯನ ಕುತ್ತಿಗಿ ಕೆಳಗ
ಆರಾಮ ಕುಂತದ, ಜಾಮಾ ಉಬ್ಬಿಸಿ.
ಅವನ ಬೆರಳೇ ಆ ಹೂವು ಹಿಡಿದಾವ.
ಕಠಾರಿ ಎಳೀಬೇಕಂದ್ರ ಎಳೆಯೋ ಕೈನೂ ಅವಂದೇ.

ಮುಂಜಾನಿ ಗುಂಡೇರಾಯರು ಮೊಮ್ಮಗಳನ್ನ ಕರಕೊಂಡು ಬಂದ್ರು.
ಕನ್ನಡಕ ಏರಿಸಿ, ಬಗ್ಗಿ, ತೋರಿಸಿದ್ರು:
"ಈ ಭುಜ ನೋಡವ್ವ. ಮನಿತನದ ಭುಜ.
ನಮ್ಮಪ್ಪಗೂ ಹಿಂಗೇ ಇತ್ತು, ನನಗೂ ಅದ."
ಆಕಿ ನೋಡಿದಳು.
ಅವರ ಭುಜಾನೂ ನೋಡಿದಳು.
ಖರೇ ಹೇಳ್ತೀನಿ, ಹಂಗೇ ಇತ್ತು.

"ಪಟಗದ ಹತ್ರ ಅದೇನೋ ಮಸಿ ಅದಲ್ಲ, ಒರಸಿಬಿಡು."
"ಹೋಗೂದಿಲ್ರೀ ಅದು," ಅಂದೆ. "ಒಳಗಿಂದು."
"ಎಷ್ಟಾತು?"
"ಆರ್ನೂರು."
ಮುನ್ನೂರು ಕೊಟ್ರು. ಉಳಿದದ್ದು ಅಮಾಸಿಗಂತ.
ವಹಿಯೊಳಗ ಅವರ ಹೆಸರು ಬರಕೊಂಡೆ;
ಪೆನ್ಸಿಲ್ ತಗೊಂಡಾವ, ಇಟ್ಟು, ಪೆನ್ನು ತಗೊಂಡೆ.

ಹಿಂದಿನ ರಟ್ಟು ಕೊಯ್ಯೋವಾಗ ಮೂಲ್ಯಾಗ
ಎರಡು ಬೆರಳಗಲ ಕಿಂಡಿ ಬಿಟ್ಟೆ.
ಗ್ವಾಡಿಗೆ ಬೆನ್ನು ಹಚ್ಚಿದ ಪಟವನ್ನ
ಯಾರು ತಿರುವಿ ನೋಡ್ತಾರ? ಇರಲಿ.
ಮೊಳಿ ಬಡೀಬೇಕಾದ್ರ, ಮ್ಯಾಲಿನ ಪಟ್ಟಿಗೆ,
ಎಂದಿಲ್ಲದಂಗ ಕೈ ಸಾವಕಾಶ ಮಾಡಿದೆ,
ಸುತ್ತಿಗೀಗೆ ಬಟ್ಟಿ ಸುತ್ತಿ.
ಕಿವಿ ಅಲ್ಲೇ ಹತ್ರ ಇತ್ತು.